ಮರಿತಾಯಮ್ಮನ ರಕ್ತದಲ್ಲಿ ಕಾಲರಾದ ದಾಯಾದಿ

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟ ಬಸ್ಸು ಊರು ದಾಟಿ ಗೇರು ಬದಲಿಸುವ ಜಾಗದಲ್ಲಿ, ಎಡಗಡೆಗೆ, ಹೆಂಚು ಹೊದಿಸಿದ ಉದ್ದನೆಯ ಕೊಟ್ಟಿಗೆಯಂಥ ಕಟ್ಟಡವೊಂದಿತ್ತು. ಕೊಟ್ಟಿಗೆಯಂಥ ಏನು, ಹಿಂದೆ ಅದು ಕೊಟ್ಟಿಗೆಯೇ. ದನಗಳನ್ನು ಹೊರಗೆ ಕಟ್ಟಿ, ಬೆಂಚುಗಳನ್ನು ಒಳಗೆ ಹಾಕಿ ಮರಿತಾಯಮ್ಮ ಅದನ್ನು ಹೋಟೆಲು ಮಾಡಿದ್ದಳು. ದನಗಳಿದ್ದಾಗ ಆ ಜಾಗದಲ್ಲಿ ಇಷ್ಟು ಗಲಾಟೆ ಇರಲಿಲ್ಲ ಎಂದು ಪಕ್ಕದ ಸೈಕಲ್ ಶಾಪಿನ ಬೋರಯ್ಯ ಹೇಳುತ್ತಿದ್ದ. ಆದರೆ ಮಧ್ಯಾಹ್ನದ ಊಟಕ್ಕೆ ಮೊದಲು ಬಂದು ಕೂರುತ್ತಿದ್ದವನೂ ಅವನೇ.

ಅಲ್ಲಿ ಸಿಗುತ್ತಿದ್ದದ್ದು ಮುದ್ದೆ, ಮೀನುಸಾರು, ಕೋಳಿಸಾರು, ಭಾನುವಾರ ಬೋಟಿ ಗೊಜ್ಜು. ಅದರ ಜೊತೆಗೆ ಬೈಗುಳ. ಯಾರಾದರೂ ಹೊಸಬರು "ಉಪ್ಪು ಸ್ವಲ್ಪ ಕಮ್ಮಿ ಕಣಮ್ಮ" ಎಂದರೆ ಸಾಕು, ಸೌಟು ಹಿಡಿದ ಕೈ ಸೊಂಟಕ್ಕೆ ಹೋಗುತ್ತಿತ್ತು.

"ನಿನ್ ಎಂಡ್ರು ಮಾಡಿದ್ ಸಾರ್ಗೂ ಇಂಗೇ ಅಂತೀಯೇನ್ಲಾ? ಅನ್ನಕಿಲ್ಲ. ಅಲ್ಲಿ ಬಾಯ್ ಮುಚ್ಕಂಡ್ ತಿಂತೀಯ. ಇಲ್ಲೂ ಅಂಗೇ ತಿನ್ನು."

ಅವನು ತಿನ್ನುತ್ತಿದ್ದ. ಮರುದಿನ ಇನ್ನೊಬ್ಬನನ್ನು ಕರೆದುಕೊಂಡು ಬರುತ್ತಿದ್ದ.

ಮರಿತಾಯಮ್ಮ ಹುಟ್ಟಿದ್ದು ಚಿಕ್ಕರಸಿನಕೆರೆಯ ಒಕ್ಕಲು ಮನೆಯಲ್ಲಿ. ಮದುವೆಯಾದದ್ದು ಮದ್ದೂರಿನ ಮಾದಯ್ಯನನ್ನು. ಮಾದಯ್ಯ ದೊಡ್ಡ ಆಳು, ಸಣ್ಣ ದನಿ. ಅವರ ಜಮೀನಿನಲ್ಲಿ ಒಳ್ಳೆಯ ಭಾಗವನ್ನು ಅವನ ದೊಡ್ಡಪ್ಪನ ಮಗ ಪುಟ್ಟಸ್ವಾಮಿ ಲಪಟಾಯಿಸಿದಾಗ ಮಾದಯ್ಯ ಬದುವಿನ ಮೇಲೆ ನಿಂತು "ಇದು ಸರಿಯಲ್ಲ" ಎಂದು ಎರಡು ಸಲ ಹೇಳಿ ಮನೆಗೆ ಬಂದಿದ್ದನಂತೆ. ಉಳಿದದ್ದನ್ನು ಮರಿತಾಯಮ್ಮ ಹೋಗಿ ಹೇಳಿದಳು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಜಮೀನೇನೂ ಬರಲಿಲ್ಲ, ಕೊಟ್ಟಿಗೆ ಮಾತ್ರ ಉಳಿಯಿತು. ಹೋಟೆಲು ಶುರುವಾದದ್ದು ಹಾಗೆ. ಸಾರು ಅವಳದು, ಹಿಟ್ಟು ತೊಳಸುವುದು ಮಾದಯ್ಯನದು. ಅವನ ತೋಳಿಗೆ ಸಿಕ್ಕ ರಾಗಿಹಿಟ್ಟಿನಲ್ಲಿ ಒಂದು ಗಂಟೂ ಉಳಿಯುತ್ತಿರಲಿಲ್ಲ.

ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಅಯ್ಯೋ ಪಾಪ ಎಂದರೆ, "ದಿನಾ ಮಧ್ಯಾನ ನಲವತ್ ಜನ ತಟ್ಟೆ ಇಡ್ಕಂಡ್ ಅವ್ವ ಅವ್ವ ಅಂತಾವೆ, ಸಾಲ್ದಾ?" ಎನ್ನುತ್ತಿದ್ದಳು.

ಅವಳಿಗಿದ್ದ ಒಂದೇ ಐಬು ಎಂದರೆ ಸಂಜೆಯ ಸಾರಾಯಿ. ರಾತ್ರಿ ಊಟದವರು ಬರುವ ಮೊದಲು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹುರಿದ ಮೀನಿನ ತಲೆಯೊಂದನ್ನು ಚೀಪುತ್ತಾ ಲೋಟ ಖಾಲಿ ಮಾಡುತ್ತಿದ್ದಳು. ಗಂಡಸರು ಕುಡಿದು ಹೆಂಡತಿಯರಿಗೆ ಹೊಡೆಯುವುದನ್ನು ಮಳೆ ಬಿಸಿಲಿನ ಹಾಗೆ ಒಪ್ಪಿಕೊಂಡಿದ್ದ ಊರು, ಹೆಂಗಸೊಬ್ಬಳು ಕುಡಿದು ಯಾರಿಗೂ ಹೊಡೆಯದೆ ಸಾರಿಗೆ ಒಗ್ಗರಣೆ ಹಾಕುವುದನ್ನು ಮಾತ್ರ ಒಪ್ಪಲಿಲ್ಲ. ಮರಿತಾಯಮ್ಮ ಊರಿನ ಒಪ್ಪಿಗೆ ಕೇಳಿರಲೂ ಇಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಹೋಟೆಲಿಗೆ ಒಂದು ದಿನ ಬೀಗ ಹಾಕಿ ಗಂಡ ಹೆಂಡತಿ ಮುತ್ತತ್ತಿಗೆ ಹೋದರು. ಜೊತೆಗೆ ಮರಿತಾಯಮ್ಮನ ಅಕ್ಕನ ಮಗಳು ಚಲುವಮ್ಮ, ಅವಳ ಗಂಡ, ಮಕ್ಕಳು. ಮೊದಲು ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ಆಮೇಲೆ ದೇವರ ಕಣ್ಣಿಗೆ ಬೀಳದಷ್ಟು ದೂರ ಹೊಳೆ ದಂಡೆಯಲ್ಲಿ ನಡೆದು, ಮೂರು ಕಲ್ಲಿಟ್ಟು ಒಲೆ ಹೂಡಿದರು. ನೀರು ಇಳಿದಿತ್ತು. ಬಂಡೆಗಳ ನಡುವೆ ಮಡುಗಳಲ್ಲಿ ನಿಂತ ನೀರು ಬಿಸಿಲಿಗೆ ಬೆಚ್ಚಗಾಗಿ ಹಸಿರು ಕಟ್ಟಿತ್ತು. ಹರಿಗೋಲಿನವನೊಬ್ಬ ಬುಟ್ಟಿ ತುಂಬ ಮೀನು ತಂದ.

"ಚೇಳುಮೀನೂ ಅವೆ ಕಣವ್ವ, ಉಸಾರು," ಎಂದ ಅವನು.

"ನೀನುಟ್ಟಕ್ ಮುಂಚಿಂದ ಮೀನ್ ಕುಯ್ತಿವ್ನಿ, ಓಗಯ್ಯ," ಎಂದು ಮರಿತಾಯಮ್ಮ ಬುಟ್ಟಿಗೆ ಕೈ ಹಾಕಿದಳು.

ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಆಂಜನೇಯನಿಗೂ ಕೇಳುವಂತೆ ಬೈದಳು. ಚುಚ್ಚಿದ ಮೀನನ್ನು ಹುಡುಕಿ ಹಿಡಿದು ಎಲ್ಲಕ್ಕಿಂತ ಮೊದಲು ಕುಯ್ದಳು. ಮಡುವಿನಲ್ಲಿ ಮಂಡಿ ಮುಳುಗುವ ತನಕ ನಿಂತು, ರಕ್ತ ಸೋರುವ ಕೈಯಲ್ಲೇ ಬುಟ್ಟಿಯ ಮೀನನ್ನೆಲ್ಲ ತೊಳೆದಳು. ಸಾರು ಬಹಳ ಚೆನ್ನಾಗಿತ್ತು ಎಂದು ಚಲುವಮ್ಮ ಈಗಲೂ ಹೇಳುತ್ತಾಳೆ.

ಮರುದಿನ ಕೈ ಊದಿಕೊಂಡಿತು. ಅರಿಸಿನ ಹಚ್ಚಿದಳು. ಸಾಯಂಕಾಲಕ್ಕೆ ಚಳಿ ಬಂತು. ಗಾಯಕ್ಕೆ ಸಾರಾಯಿ ಸುರಿದರೆ ವಾಸಿಯಾಗುತ್ತದೆ ಎಂದು ಬೋರಯ್ಯ ಸಲಹೆ ಕೊಟ್ಟ. ಗಾಯಕ್ಕೆ ಅರ್ಧ ಸುರಿದು ಉಳಿದರ್ಧ ಒಳಗಿನಿಂದ ಕೆಲಸ ಮಾಡಲಿ ಎಂದು ಕುಡಿದಳು. ಅದರ ಮರುದಿನ ಬೆಳಿಗ್ಗೆ ಕೈ ಮೊಣಕೈವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿ ಬೊಬ್ಬೆ ಎದ್ದಿತ್ತು. ಮೈ ಕೆಂಡವಾಗಿತ್ತು. ಮಾದಯ್ಯ ಗಂಜಿ ತಂದರೆ, "ಗಿರಾಕಿಗ್ ಕೊಡು ಫಸ್ಟು" ಎಂದಳು. ಎದುರಿಗೆ ಗಿರಾಕಿ ಯಾರೂ ಇರಲಿಲ್ಲ. ಬೈಗುಳವೂ ಇರಲಿಲ್ಲ. ಅದನ್ನು ಕಂಡೇ ಮಾದಯ್ಯ ಹೆದರಿದ್ದು. ಮಂಡ್ಯದ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟಿದ್ದ ಲಾರಿಯ ಡ್ರೈವರು ಹೋಟೆಲಿನ ಹಳೆಯ ಗಿರಾಕಿ. ಅವನೇ ತನ್ನ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಯೊಂದರ ಬಾಗಿಲಿಗೆ ಇಳಿಸಿದ.

ಅಲ್ಲಿದ್ದ ಡಾಕ್ಟರು ವರದರಾಜ, ಮೈಸೂರಿನವರು. ಇನ್ನೂ ಎಳೆಯ ವಯಸ್ಸು, ತೆಳ್ಳಗೆ, ಮಾತಾಡುವಾಗ ಕನ್ನಡಕವನ್ನು ಮೇಲೆ ತಳ್ಳಿಕೊಳ್ಳುವ ಅಭ್ಯಾಸ. ಕೈ ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಡ್ರಿಪ್ಪು ಹಾಕಿಸಿ ಇಂಜೆಕ್ಷನ್ನು ಶುರು ಮಾಡಿಸಿದರು. ಅದಕ್ಕೂ ಮುಂಚೆ ಇನ್ನೊಂದು ಕೈಯಿಂದ ಒಂದಿಷ್ಟು ರಕ್ತ ತೆಗೆದು, ಸಾರಿನಂಥ ದ್ರವವಿದ್ದ ಬಾಟಲಿಗೆ ಹಾಕಿ, ಮೈಸೂರಿನ ಪ್ರಯೋಗಶಾಲೆಗೆ ಕಳಿಸಿದರು. ರಕ್ತದಲ್ಲಿ ಕ್ರಿಮಿಯೇನಾದರೂ ಇದ್ದರೆ ಆ ಸಾರಿನಲ್ಲಿ ಮೇದು ಬೆಳೆಯುತ್ತದೆ, ಆಗ ಅದರ ಕುಲ ಗೋತ್ರ ಗೊತ್ತಾಗುತ್ತದೆ ಎಂದು ಮಾದಯ್ಯನಿಗೆ ವಿವರಿಸಿದರು. ಮಾದಯ್ಯ ತಲೆಯಾಡಿಸಿದ.

ಎರಡು ದಿನ ಮರಿತಾಯಮ್ಮನಿಗೆ ಪ್ರಜ್ಞೆ ಬಂದು ಹೋಗಿ ಆಗುತ್ತಿತ್ತು. ಮೂರನೆಯ ದಿನ ಕಣ್ಣು ಬಿಟ್ಟು, ಮಂಚದ ಪಕ್ಕ ನಿಂತಿದ್ದ ಡಾಕ್ಟರನ್ನು ನೋಡಿ, "ಈ ಉಡ್ಗ ಯಾರು? ಉಂಡವ್ನಾ?" ಎಂದು ಕೇಳಿದಳು. ಬದುಕುತ್ತಾಳೆ ಎಂದು ಮಾದಯ್ಯನಿಗೆ ಗೊತ್ತಾಯಿತು.

"ಕುಡಿಯೋ ಅಭ್ಯಾಸ ಇದೆಯೇನಮ್ಮ?" ಎಂದರು ವರದರಾಜ.

"ನಿಮ್ಗೆ?"

"ನನಗಿಲ್ಲ."

"ಅದ್ಕೇ ಇಂಗ್ ಕಡ್ಡಿಯಂಗಿದೀರಿ."

ಡಾಕ್ಟರು ನಗಲಿಲ್ಲ. ಕನ್ನಡಕ ಮೇಲೆ ತಳ್ಳಿಕೊಂಡು, "ಭೇದಿ ಏನಾದರೂ ಆಯಿತಾ?" ಎಂದರು.

"ಭೇದಿಯಾ? ಮುತ್ತತ್ತಿಲಿ ಉಂಡಿದ್ದೇ ಇನ್ನೂ ಒಳ್ಗೆ ಕುಂತದೆ. ಒರಡಿಸಕ್ಕೆ ಏನಾರ ಕೊಡಿ ಬುದ್ಧಿ."

ಅದೇ ದಿನ ಮಧ್ಯಾಹ್ನ ಮೈಸೂರಿನಿಂದ ಆಸ್ಪತ್ರೆಗೆ ಟ್ರಂಕ್ ಕಾಲ್ ಬಂತು. ಲೈನಿನಲ್ಲಿ ಗೊರಗೊರ ಸದ್ದು. ವರದರಾಜರು ಫೋನಿಗೆ ಕೂಗಿ ಕೂಗಿ ಮಾತಾಡಬೇಕಾಯಿತು. "ಏನಂದಿರಿ? ಕಾಲರಾ ಜಾತಿಯದಾ? ರಕ್ತದಲ್ಲಾ? ಖಂಡಿತವಾ? ಇನ್ನೊಂದು ಪರೀಕ್ಷೆ ಬಾಕಿ ಇದೆಯಾ? ಸರಿ, ಆದ ಕೂಡಲೇ ತಿಳಿಸಿ." ಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತಿದ್ದ ವಾರ್ಡಿನ ಆಳು ಸಿದ್ದರಾಮುವಿಗೆ ಇದರಲ್ಲಿ ಒಂದು ಪದ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಸಿದ್ದರಾಮು ಮದ್ದೂರಿನ ಕಡೆಯವನು. ಕೆಲಸ ಬಿಟ್ಟು ಊರಿನ ಬಸ್ಸು ಹತ್ತಿದವನಿಗೆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಪಕ್ಕದವನಿಗೆ ಹೇಳಿದ. ಮಂಡ್ಯ ಬಿಡುವಾಗ ಮದ್ದೂರಿನ ಒಬ್ಬ ಹೆಂಗಸಿಗೆ ಕಾಲರಾ ತರದ್ದೇನೋ ಬಂದಿತ್ತು. ಗೆಜ್ಜಲಗೆರೆ ಹೊತ್ತಿಗೆ ಅದು ಹೋಟೆಲಿನ ಮರಿತಾಯಮ್ಮನಿಗೆ ಬಂದ ಕಾಲರಾ ಆಗಿತ್ತು. ಅಲ್ಲಿ ಹತ್ತಿದ ಎಲೆ ವ್ಯಾಪಾರದವನೊಬ್ಬ ಯಾವುದೋ ಹಳೆಯ ಕಾಲರಾದ ಕತೆ ತೆಗೆದು, ಬಂದವರು ಬದುಕುವುದುಂಟೇ ಎಂದ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಹೊತ್ತಿಗೆ ಮರಿತಾಯಮ್ಮ ತೀರಿಕೊಂಡಿದ್ದಳು.

ಹೆಂಡತಿ ಕಣ್ಣು ಬಿಟ್ಟಳೆಂಬ ಧೈರ್ಯದಲ್ಲಿ ಮಾದಯ್ಯ ಅವತ್ತೇ ಊರಿಗೆ ಬಂದು ಹೋಟೆಲು ತೆರೆದಿದ್ದ. ಚಲುವಮ್ಮ ಸಾರು ಮಾಡುತ್ತಿದ್ದಳು, ಅವನು ಹಿಟ್ಟು ತೊಳಸುತ್ತಿದ್ದ. ಮೊದಲು ಬೋರಯ್ಯ ಬಂದು ಬಾಗಿಲಲ್ಲಿ ನಿಂತು ಟವೆಲಿನಿಂದ ಮೂಗು ಒರೆಸಿಕೊಂಡ. ಆಮೇಲೆ ಮಂಗಳಮ್ಮನೆಂಬ ಪಕ್ಕದ ಮನೆಯ ಹೆಂಗಸು ಎದೆ ಬಡಿದುಕೊಂಡು ಬಂದಳು. "ಬಂಗಾರದಂತ ಎಂಗ್ಸು ಕಣಪ್ಪ" ಎಂದು ಶುರು ಮಾಡಿದಳು. ಹದಿನೈದು ದಿನದ ಹಿಂದೆ ಕೋಳಿಯ ವಿಷಯಕ್ಕೆ ಇದೇ ಮಂಗಳಮ್ಮ ಮರಿತಾಯಮ್ಮನಿಗೆ ಬೇರೆ ಮಾತು ಅಂದಿದ್ದಳು.

ಮಾದಯ್ಯ ಯಾರನ್ನೂ ಏನೂ ಕೇಳಲಿಲ್ಲ. ಕೈ ತೊಳೆದುಕೊಂಡ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಸೇವಂತಿಗೆ ಹಾರ ತೆಗೆದುಕೊಂಡು ಮಂಡ್ಯಕ್ಕೆ ಹೋದ.

ವಾರ್ಡಿಗೆ ಕಾಲಿಟ್ಟರೆ ಮರಿತಾಯಮ್ಮ ದಿಂಬಿಗೆ ಒರಗಿ ಕೂತು, ಪಕ್ಕದ ಮಂಚದವಳಿಗೆ ಆಸ್ಪತ್ರೆಯ ಗಂಜಿಯ ದೋಷಗಳನ್ನು ಹೇಳುತ್ತಿದ್ದಳು. ಗಂಡನನ್ನು ನೋಡಿದಳು. ಅವನ ಕೈಯನ್ನು ನೋಡಿದಳು.

"ಯಾರ್ ಸತ್ರಯ್ಯಾ?"

ಮಾದಯ್ಯ ಮಂಚದ ಹತ್ತಿರ ಬಂದ.

"ಯಾರ್ಗಯ್ಯಾ ಊವಿನ್ ಆರ? ಡಾಕುಟ್ರಿಗಾ?"

"ನಿಂಗೆ," ಎಂದ ಮಾದಯ್ಯ. ಅವನು ಮಂಚದ ಅಂಚಿಗೆ ಕುಸಿದು ಕೂತು, ವಾರ್ಡಿನವರೆಲ್ಲ ನೋಡುತ್ತಿರುವಾಗಲೇ ಮಗುವಿನ ಹಾಗೆ ಅತ್ತ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಮರಿತಾಯಮ್ಮ ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳು ಹಾರವನ್ನು ಇಸಿದುಕೊಂಡು ಒಂದು ತುಂಡು ಮುರಿದು ಮುಡಿಗೆ ಸಿಕ್ಕಿಸಿಕೊಂಡಳು. ಇನ್ನೊಂದು ತುಂಡನ್ನು ಪಕ್ಕದ ಮಂಚದವಳಿಗೆ ಕೊಟ್ಟಳು.

"ನಾನ್ ಸತ್ತೆ ಅಂತ ಕೇಳ್ದಾಗ ಏನ್ ಮಾಡ್ದೆ?" ಎಂದು ಆಮೇಲೆ ಮೆಲ್ಲಗೆ ಕೇಳಿದಳು.

"ಒಲೆ ಆರುಸ್ದೆ," ಎಂದ ಮಾದಯ್ಯ.

ಮರಿತಾಯಮ್ಮ ತನ್ನ ಪಾಲಿನ ಗಂಜಿಯನ್ನು ಅವನ ಕಡೆ ತಳ್ಳಿದಳು.

ಇತ್ತ ಮದ್ದೂರಿನಲ್ಲಿ ಸುದ್ದಿ ಹೆಲ್ತ್ ಇನ್ಸ್‌ಪೆಕ್ಟರ್ ಶ್ಯಾಮಣ್ಣನವರ ಕಿವಿಗೆ ಬಿತ್ತು. ಶ್ಯಾಮಣ್ಣನವರು ಕೋಟೆ ಬೀದಿಯ ಅಯ್ಯಂಗಾರರು, ನಿಷ್ಠಾವಂತ ಮನುಷ್ಯ. ಇಷ್ಟು ವರ್ಷದ ನೌಕರಿಯಲ್ಲಿ ಸೊಳ್ಳೆ ಬಿಟ್ಟು ಬೇರೆ ಶತ್ರುವನ್ನು ಕಂಡಿರಲಿಲ್ಲ. ಈಗ ಕಾಲರಾ ಬಂದಿತ್ತು, ಅದೂ ತಮ್ಮ ಹದ್ದಿನೊಳಗೆ, ಅದೂ ಒಂದು ಹೋಟೆಲಿನಲ್ಲಿ. ಸ್ವಲ್ಪ ಖುಷಿಯಾಗಿಯೇ ಇರಬೇಕು. ಬೆಳಿಗ್ಗೆ ನಾಲ್ಕು ಜನರನ್ನು ಕಟ್ಟಿಕೊಂಡು, ಮುಂದೆ ತಮಟೆಯವನನ್ನು ಬಿಟ್ಟುಕೊಂಡು ಬಂದರು. ಹೋಟೆಲಿನ ಬಾವಿಗೆ ಬ್ಲೀಚಿಂಗ್ ಪೌಡರು ಸುರಿಸಿದರು. ಮಡಕೆಗಳನ್ನು ಒಡೆಸಿದರು. ಬೆಂಚುಗಳಿಗೆ ಫಿನೈಲು ಬಳಿಸಿದರು. ಬೀದಿಯ ಜನರನ್ನು ಸಾಲು ನಿಲ್ಲಿಸಿ ತೋಳಿಗೆ ಸೂಜಿ ಹಾಕಿಸಿದರು. ಅಲ್ಲಿ ಉಂಡೇ ಇಲ್ಲ ಎಂದು ಬೋರಯ್ಯ ಆಣೆ ಮಾಡಿದ. ಅವನ ಶರ್ಟಿನ ಮೇಲೆ ನಿನ್ನೆಯ ಸಾರಿನ ಕಲೆಯಿತ್ತು. ಅವನಿಗೂ ಸೂಜಿ ಬಿತ್ತು.

ಮಂಡ್ಯದಿಂದ ಬಸ್ಸಿಳಿದು ಬಂದ ಮಾದಯ್ಯನನ್ನು ಶ್ಯಾಮಣ್ಣನವರು ತಡೆದು ನಿಲ್ಲಿಸಿದರು.

"ನಿನ್ನ ಹೆಂಡತಿಗೆ ಭೇದಿ ಎಷ್ಟು ಸಲ ಆಯಿತಯ್ಯ?"

"ಆಗಿಲ್ಲ ಸ್ವಾಮಿ."

"ಸುಳ್ಳು ಹೇಳಬೇಡ. ಅಕ್ಕಿ ತೊಳೆದ ನೀರಿನ ಹಾಗೆ ಆಗಿರಬೇಕು."

"ಕಲ್ಲಂಗ್ ಕಟ್ಕಂಡದೆ ಸ್ವಾಮಿ. ಡಾಕುಟ್ರು ಎನಿಮಾ ಕೊಡ್ಸವ್ರೆ."

ಶ್ಯಾಮಣ್ಣನವರು ತಮ್ಮ ಜೊತೆಯವರ ಕಡೆ ನೋಡಿದರು. ಕಾಲರಾ ಬಂದವಳಿಗೆ ಎನಿಮಾ ಕೊಟ್ಟದ್ದನ್ನು ಅವರ ಇಲಾಖೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಬಾಗಿಲಿಗೆ ಬೀಗ ಬಿತ್ತು.

ಮೈಸೂರಿನ ಎರಡನೆಯ ಕರೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ವರದರಾಜರು ಓಡೋಡಿ ವಾರ್ಡಿಗೆ ಬಂದರು. ಅವರ ಮುಖ ಅರಳಿತ್ತು.

"ಕಾಲರಾ ಅಲ್ಲಮ್ಮ! ಇಂಥದ್ದನ್ನ ನಾನು ಪುಸ್ತಕದಲ್ಲಿ ಓದಿದ್ದೆ ಅಷ್ಟೆ. ತೀರಾ ಅಪರೂಪ. ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬಂದಿದ್ದು ನಾನು ಕೇಳಿಲ್ಲ."

"ಲಾಟ್ರಿ ಒಡ್ದಂಗ್ ಕುಣೀತಿದೀರಲ್ಲ ಬುದ್ಧಿ, ಏನದು ನೆಟ್ಗೇಳಿ."

ವರದರಾಜರು ನಾಚಿಕೊಂಡು ಸ್ಟೂಲಿನ ಮೇಲೆ ಕೂತರು. "ನೋಡಮ್ಮ, ಕಾಲರಾ ಕ್ರಿಮಿ ಅಂತ ಒಂದಿದೆ. ಕುಡುಗೋಲಿನ ಹಾಗೆ ಬಾಗಿರುತ್ತೆ. ನಿನ್ನ ರಕ್ತದಲ್ಲಿ ಬೆಳೆದದ್ದೂ ಹಾಗೇ ಇತ್ತು. ಅದಕ್ಕೇ ಮೊದಲು ಅನುಮಾನ ಬಂದದ್ದು. ಆದರೆ ಗುರುತು ಹಿಡಿಯೋದಕ್ಕೆ ಒಂದು ಔಷಧಿ ಇದೆ. ಊರಿಗೆಲ್ಲ ಹಬ್ಬೋ ಕಾಲರಾ ಆದರೆ ಆ ಔಷಧಿಯ ತೊಟ್ಟು ಬಿದ್ದ ಕೂಡಲೇ ಒಡೆದ ಹಾಲಿನ ಹಾಗೆ ಕಣಕಣ ಆಗುತ್ತೆ. ನಿನ್ನದು ಆಗಲಿಲ್ಲ. ರೂಪ ಒಂದೇ, ಕುಲ ಒಂದೇ, ಆದರೆ ಅದು ಬೇರೆ."

ಮರಿತಾಯಮ್ಮ ಯೋಚಿಸಿದಳು. "ದಾಯಾದಿ ಅನ್ನಿ."

"ಹಾಂ, ದಾಯಾದಿ ಅಂತಲೇ ಇಟ್ಟುಕೊ."

"ನಮ್ ಪುಟ್ಸಾಮಿ ಇದ್ದಂಗೆ. ಮೂತಿ ನೋಡುದ್ರೆ ನಮ್ ಮಾದಯ್ಯನೇ, ಬುದ್ಧಿ ನೋಡುದ್ರೆ ಅಲ್ಲ."

"ಇದು ಹೊಳೆಯಲ್ಲಿ, ಮಡುವಿನಲ್ಲಿ ತನ್ನ ಪಾಡಿಗೆ ಇರುತ್ತೆ. ಗಟ್ಟಿಮುಟ್ಟಾದವರಿಗೆ ಹೆಚ್ಚೆಂದರೆ ಹೊಟ್ಟೆ ಕೆಡಬಹುದು, ಗಾಯ ಕೀವಾಗಬಹುದು. ಊರಿಗೆ ಊರೇ ಮಲಗೋ ಹಾಗೆ ಹಬ್ಬೋದಿಲ್ಲ. ನಿನಗೆ ಆ ಮೀನು ಚುಚ್ಚಿದ ಕಡೆಯಿಂದ ಒಳಗೆ ಹೋಯಿತು ಅಂತ ಕಾಣುತ್ತೆ. ರಕ್ತಕ್ಕೆ ನುಗ್ಗಿದ ಕ್ರಿಮೀನ ಹಿಡಿದು ಹಾಕೋದು ಈಲಿ, ಅಂದರೆ ಲಿವರು. ಕುರಿಯಲ್ಲಿ ನೋಡಿದ್ದೀಯಲ್ಲ?"

"ದಿನಾ ಉರೀತೀನಿ."

"ನಿನ್ನದನ್ನ ನೀನೇ ಹುರಿದಿದ್ದೀಯ. ಸಾರಾಯಿ ಕುಡಿದು ಕುಡಿದು ಅದು ಕಲ್ಲಾಗಿದೆ. ನಿನ್ನ ಮೈಯ ಕಾವಲುಗಾರ ಕುಡಿದು ಮಲಗಿದ್ದನಮ್ಮ, ಕಳ್ಳ ನೇರವಾಗಿ ಒಳಗೆ ಬಂದ. ಈ ಸಲ ಔಷಧಿ ಹಿಡಿಯಿತು. ಇನ್ನೊಂದು ಸಲ ನಾನು ಭರವಸೆ ಕೊಡಲ್ಲ. ಕುಡಿಯೋದು ಬಿಡಬೇಕು."

ಇದಕ್ಕೆ ಮರಿತಾಯಮ್ಮನ ಬಳಿ ಉತ್ತರ ಸಿದ್ಧವಿರುತ್ತಿತ್ತು, ಬೇರೆ ದಿನವಾಗಿದ್ದರೆ. ಅವತ್ತು ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಜಗಲಿಯ ಮೇಲೆ ಮಾದಯ್ಯ ಕೂತಲ್ಲೇ ತೂಕಡಿಸುತ್ತಿದ್ದ. "ಆಯ್ತು ಬುಡಿ," ಎಂದಳು. ಸಾರಾಯಿಯ ಬಗ್ಗೆ ಅವಳು ಆಡಿದ ಕೊನೆಯ ಮಾತು ಅದೇ. ಆಮೇಲೆ ಮುಟ್ಟಲಿಲ್ಲ. ಸಂಜೆಯ ಹೊತ್ತು ಮಾತ್ರ ಅವಳ ಬೈಗುಳ ಎರಡರಷ್ಟಾಯಿತು ಎಂದು ಗಿರಾಕಿಗಳು ಹೇಳುತ್ತಾರೆ.

ಗಿರಾಕಿಗಳು ಹಾಗೆ ಹೇಳಬೇಕಾದರೆ ಮೊದಲು ಗಿರಾಕಿಗಳು ಬರಬೇಕಿತ್ತಲ್ಲ. ಅವಳು ಮನೆಗೆ ಬರುವ ಹೊತ್ತಿಗೆ, ಆಸ್ಪತ್ರೆಯ ಚೀಟಿ ನೋಡಿ ಶ್ಯಾಮಣ್ಣನವರು ಬೀಗ ತೆಗೆಸಿದ್ದರು, ಜನ ಮಾತ್ರ ಇರಲಿಲ್ಲ. ಮರಿತಾಯಮ್ಮ ಹೊಸ ಮಡಕೆ ತಂದು, ಕೈಗೆ ಕಟ್ಟಿದ ಬ್ಯಾಂಡೇಜಿನಲ್ಲೇ ಸಾರು ಮಾಡಿ ಕಾದಳು. ಘಮಕ್ಕೆ ಕಾಲು ನಿಧಾನ ಮಾಡಿದವರು ಬಾಗಿಲಲ್ಲಿ ಅವಳನ್ನು ಕಂಡು ಸರಸರ ನಡೆದರು. ಸತ್ತವಳು ಎದ್ದು ಬಂದು ಸೌಟು ಹಿಡಿದಿದ್ದಾಳೆ ಎಂದು ಕೆಲವರು, ಕಾಲರಾ ಹೊಟ್ಟೆಯಿಂದ ರಕ್ತಕ್ಕೆ ಏರಿದೆಯಂತೆ, ಇನ್ನೂ ದೊಡ್ಡದಂತೆ ಎಂದು ಕೆಲವರು. ಪುಟ್ಟಸ್ವಾಮಿ ಅರಳಿಕಟ್ಟೆಯಲ್ಲಿ ಕೂತು ಇದಕ್ಕೆಲ್ಲ ಉಪ್ಪು ಖಾರ ಹಾಕುತ್ತಿದ್ದ. ಮಾಡಿದ ಸಾರು ಸಂಜೆಗೆ ತಿಪ್ಪೆ ಸೇರಿತು. ಮರುದಿನವೂ ಅಷ್ಟೇ.

ಮೂರನೆಯ ದಿನ ಮರಿತಾಯಮ್ಮ ಒಲೆ ಹಚ್ಚಲಿಲ್ಲ. ತಲೆ ಬಾಚಿಕೊಂಡು ಕೋಟೆ ಬೀದಿಗೆ ಹೋಗಿ ಶ್ಯಾಮಣ್ಣನವರ ಮನೆಯ ಜಗಲಿಯ ಮೇಲೆ ಕೂತಳು. ಶ್ಯಾಮಣ್ಣನವರು ಕಿಟಕಿಯಿಂದ ನೋಡಿ ಸ್ನಾನಕ್ಕೆ ಹೋದರು. ಸ್ನಾನ ಮುಗಿಸಿ ನೋಡಿದರೂ ಕೂತಿದ್ದಳು. ಪೂಜೆ ಮುಗಿಸಿ ನೋಡಿದರೂ ಕೂತಿದ್ದಳು. ಕೊನೆಗೆ ಬಾಗಿಲು ತೆರೆದು ಹೊರಗೆ ಬಂದವರು ಅವರಲ್ಲ, ಅವರ ಹೆಂಡತಿ ಗೋದಾ.

"ಏನಮ್ಮ, ಯಾರು ನೀನು?"

"ಕಾಲರಾ ಬಂದ್ ಸತ್ತೋಳು ಕಣ್ರವ್ವ. ನಿಮ್ ಯಜಮಾನ್ರನ್ನ ನೋಡಕ್ ಬಂದೆ."

ಗೋದಾ ಬೆಚ್ಚಿದರು. ಆಮೇಲೆ ನಗು ಬಂತು. ಎದುರಿಗೆ ಕೂತು ಎಲ್ಲ ಕೇಳಿದರು. ಮರಿತಾಯಮ್ಮ ಮೀನಿನಿಂದ ಶುರು ಮಾಡಿ ಕುಡುಗೋಲು, ಒಡೆದ ಹಾಲು, ದಾಯಾದಿ, ಈಲಿ ಎಲ್ಲ ಹೇಳಿದಳು. ಸಾರಾಯಿಯನ್ನೂ ಮುಚ್ಚಿಡಲಿಲ್ಲ. ಗೋದಾ ಎದ್ದು ಒಳಗೆ ಹೋದರು. ಒಳಗಿನ ಮಾತು ಜಗಲಿಗೆ ಚೆನ್ನಾಗಿಯೇ ಕೇಳುತ್ತಿತ್ತು.

"ತಮಟೆ ಹೊಡೆಸಿ ಇದೆ ಅಂದಿರಲ್ಲ, ಈಗ ಇಲ್ಲ ಅಂತ ಯಾರು ಹೇಳಬೇಕು?"

"ಗೋದಾ, ಇಲಾಖೆಯ ವಿಷಯ, ನಿನಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ. ಸೊಂಟ ನೋಯುತ್ತೆ ಅಂದ ನನಗೂ ಸೂಜಿ ಹಾಕಿಸಿದಿರಲ್ಲ, ಅದೂ ನನಗೆ ಗೊತ್ತಾಗಲಿಲ್ಲ."

ಮರುದಿನ ತಮಟೆಯವನು ಮತ್ತೆ ಬೀದಿ ಬೀದಿ ತಿರುಗಿದ. "ಮರಿತಾಯಮ್ಮನ ಹೋಟ್ಲಲ್ಲಿ ಕಾಲರಾ ಇಲ್ಲಾ, ಯಾರೂ ಹೆದರಬೇಡೀ!" ಇದರಿಂದ ಆದದ್ದಿಷ್ಟೇ: ಮೊದಲ ಸಲ ತಮಟೆ ಕೇಳಿಸಿಕೊಳ್ಳದೆ ಹೊಲದಲ್ಲಿದ್ದವರಿಗೂ ಈಗ ಸುದ್ದಿ ಮುಟ್ಟಿತು. ಕೊಕ್ಕರೆ ಬೆಳ್ಳೂರಿನಿಂದ ಸಂತೆಗೆ ಬಂದವರು ಕೂಡ ಹೋಟೆಲಿನ ಮುಂದೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯತೊಡಗಿದರು. ಮರಿತಾಯಮ್ಮ ಮತ್ತೆ ಹೋಗಿ ಜಗಲಿಯ ಮೇಲೆ ಕೂತಳು.

"ಇನ್ನೇನು ಮಾಡಲಿ ಮಹಾರಾಯ್ತಿ?" ಎಂದರು ಶ್ಯಾಮಣ್ಣನವರು, ಈ ಸಲ ತಾವೇ ಹೊರಗೆ ಬಂದು.

"ಬಂದ್ ಉಣ್ಣಿ."

"ನಾನಾ? ನಿನ್ನ ಹೋಟೆಲಿನಲ್ಲಾ? ಶಿವಶಿವಾ!" ಎಂದುಬಿಟ್ಟರು ಅಯ್ಯಂಗಾರರು, ಗಾಬರಿಯಲ್ಲಿ ದೇವರೂ ಬದಲಾಗಿ.

ಗೋದಾ ಒಳಗಿನಿಂದ ಪುಟ್ಟ ಹಿತ್ತಾಳೆ ಪಾತ್ರೆಯೊಂದನ್ನು ತಂದು ಮರಿತಾಯಮ್ಮನ ಮುಂದಿಟ್ಟರು. "ಸೊಪ್ಪಿನ ಸಾರು ಮಾಡು ಇದರಲ್ಲಿ. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ. ನಾಳೆ ಮಧ್ಯಾಹ್ನ ಬರುತ್ತಾರೆ."

ಬಂದರು. ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹೊದ್ದು, ಕೈಯಲ್ಲಿ ಸ್ವಂತ ಬಾಳೆಲೆ ಹಿಡಿದು ಶ್ಯಾಮಣ್ಣನವರು ಮಳವಳ್ಳಿ ರಸ್ತೆಯಲ್ಲಿ ನಡೆದು ಬರುವಾಗ ಅವರ ಹಿಂದೆ ಸಣ್ಣ ಮೆರವಣಿಗೆಯೇ ಇತ್ತು. ಬೆಂಚಿನ ತುದಿಯಲ್ಲಿ ಕೂತರು. ಮರಿತಾಯಮ್ಮ ಎಲೆಗೆ ನೀರು ಚಿಮುಕಿಸಿದಳು.

"ಪಾತ್ರೆ ನಮ್ಮದೇ ತಾನೆ?"

"ನಿಮ್ದೇ ಬುದ್ಧಿ."

"ಸೌಟು?"

"ಒಸ್ದು. ಕೈಯೊಂದ್ ಅಳೇದು, ಅದ್ಕೇನ್ ಮಾಡ್ಲಿ?"

ಮಾದಯ್ಯ ಬಿಸಿ ಮುದ್ದೆ ತಂದಿಟ್ಟ. ಶ್ಯಾಮಣ್ಣನವರು ಒಂದು ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಮುದ್ದೆ ಹಲ್ಲಿಗೆ ಮೆತ್ತಿಕೊಂಡು ದವಡೆ ನಿಂತೇಹೋಯಿತು. ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

"ಅಗೀಬ್ಯಾಡಿ ಸ್ವಾಮಿ, ನುಂಗಿ!" ಎಂದು ಬೋರಯ್ಯ ಕೂಗಿದ.

"ತುತ್ತ ಸಣ್ದ್ ಮಾಡ್ಕಳಿ!" ಎಂದ ಇನ್ನೊಬ್ಬ.

"ಸಾರ್ ಜಾಸ್ತಿ ಅದ್ದಿ!"

"ಲೇ, ತಡೀರ್ಲಾ, ಎಂಗ್ ಅಂತ ತೋರುಸ್ತೀನಿ," ಎಂದು ಬೋರಯ್ಯ ನುಗ್ಗಿ ಬಂದು ಎದುರಿನ ಬೆಂಚಿನಲ್ಲಿ ಕೂತ. "ಮರಿತಾಯವ್ವಾ, ನಂಗೊಂದ್ ಮುದ್ದೆ ಆಕು."

"ಮೀನ್ಸಾರೋ, ಸೊಪ್ಪಿನ್ ಸಾರೋ?"

ಬೋರಯ್ಯ ಒಂದು ಗಳಿಗೆ ತಡೆದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. "ಮೀನು," ಎಂದ. ತುತ್ತು ಮುರಿದು, ಅದ್ದಿ, ನುಂಗಿ ತೋರಿಸಿದ. ಶ್ಯಾಮಣ್ಣನವರು ಅವನನ್ನು ನೋಡಿಕೊಂಡು ಕಣ್ಣು ಮುಚ್ಚಿ ನುಂಗಿದರು. ತುತ್ತು ಗಂಟಲಲ್ಲಿ ಇಳಿಯಿತು. ಮುಖದಲ್ಲಿ ಅಚ್ಚರಿ ಮೂಡಿತು. ಇನ್ನೊಂದು ತುತ್ತು ಮುರಿದರು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು, ಬರೀ ನೋಡುವುದಕ್ಕೆ ಎಂಬ ಹಾಗೆ ಬೆಂಚಿನ ಮೇಲೆ ಕೂತರು. ಕೂತವರ ಮುಂದೆ ಮರಿತಾಯಮ್ಮ ಕೇಳದೆಯೇ ತಟ್ಟೆ ಇಡುತ್ತಾ ಹೋದಳು.

"ಸಾರಿಗೆ ಉಪ್ಪು ಕಮ್ಮಿಯಾಗಿದೆಯಮ್ಮ," ಎಂದರು ಶ್ಯಾಮಣ್ಣನವರು, ಪ್ರಾಮಾಣಿಕ ಮನುಷ್ಯ.

ಮರಿತಾಯಮ್ಮನ ಕೈ ಸೊಂಟಕ್ಕೆ ಹೋಯಿತು. ತುಟಿ ಅಲುಗಿತು. ಆಮೇಲೆ ಬಹಳ ಕಷ್ಟಪಟ್ಟು ಒಂದು ಚಿಟಿಕೆ ಉಪ್ಪು ತಂದು ಎಲೆಯ ತುದಿಗೆ ಇಟ್ಟಳು. ಅವಳು ಬದುಕಿನಲ್ಲಿ ನುಂಗಿದ ಅತಿ ದೊಡ್ಡ ತುತ್ತು ಅದೇ ಎಂದು ಮಾದಯ್ಯ ಹೇಳುತ್ತಿದ್ದ.

ಜನ ಬರತೊಡಗಿದರು, ಹೆಸರು ಮಾತ್ರ ಹೋಗಲಿಲ್ಲ. ಲಾರಿಯವರು ಬಸ್ ಸ್ಟ್ಯಾಂಡಿನಲ್ಲಿ ಮೀನುಸಾರು ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಿದರೆ, "ಕಾಲರಾ ಹೋಟ್ಲಿಗೆ ಹೋಗಿ" ಎಂದೇ ಊರವರು ಹೇಳುತ್ತಿದ್ದರು. ಹಾಗೆ ಕೇಳಿಕೊಂಡು ಬಂದ ಮೊದಲ ಡ್ರೈವರಿಗೆ ಮರಿತಾಯಮ್ಮ ಸೌಟು ಎಸೆದಳು. ಅವನು ತಪ್ಪಿಸಿಕೊಂಡು, ಸೌಟು ಎತ್ತಿ ವಾಪಸು ಕೊಟ್ಟು, ಮೂರು ಮುದ್ದೆ ಉಂಡು ಹೋದ. ಆಮೇಲೆ ಎಸೆಯುವುದನ್ನು ಬಿಟ್ಟಳು. ಮಾದಯ್ಯ ಬಣ್ಣದವನನ್ನು ಕರೆಸಿ 'ಶ್ರೀ ಆಂಜನೇಯ ಮಿಲಿಟರಿ ಹೋಟೆಲ್' ಎಂದು ಬೋರ್ಡು ಬರೆಸಿದ. ಅದನ್ನು ಓದಿದವರು, "ಕಾಲರಾ ಹೋಟ್ಲು ಎಲ್ಲಿ ಬತ್ತದೆ?" ಎಂದು ಅದರ ಕೆಳಗೆ ನಿಂತೇ ಕೇಳುತ್ತಿದ್ದರು.

ಡಾಕ್ಟರು ವರದರಾಜ ತಿಂಗಳಿಗೊಮ್ಮೆ ಅವಳ ಹೊಟ್ಟೆ ಒತ್ತಿ ನೋಡುತ್ತಿದ್ದರು. ಮೀನು ಕುಯ್ಯುವ ಕೆಲಸವನ್ನು ಅವರೇ ಬಿಡಿಸಿದ್ದರು. ಆ ಕೆಲಸ ಚಲುವಮ್ಮನಿಗೆ ಬಂದಿತ್ತು. ಈಲಿ ಕಲ್ಲಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆದರೂ ನಾಲ್ಕೂವರೆ ವರ್ಷ ಬದುಕಿದಳು. ಎಪ್ಪತ್ತೆಂಟರ ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಹೋಟೆಲಿನ ಹಿಂದಿನ ಕೋಣೆಯಲ್ಲಿ, ಊಟದ ಗದ್ದಲದ ನಡುವೆ ತೀರಿಕೊಂಡಳು. ಬಂದ ಜನ ಉಂಡೇ ಹೋಗಬೇಕೆಂದು ಮೊದಲೇ ಹೇಳಿಟ್ಟಿದ್ದಳಂತೆ. ಚಲುವಮ್ಮ ಅಳುತ್ತಲೇ ಎಲ್ಲರಿಗೂ ಬಡಿಸಿದಳು.

ಮದ್ದೂರಿನಲ್ಲಿ ಸ್ವಂತ ಹೊಲ ಉಳಿದಿರಲಿಲ್ಲ, ಚಿಕ್ಕರಸಿನಕೆರೆಯ ತವರು ಹೊಲದಲ್ಲಿ ಮಣ್ಣು ಮಾಡಿದರು. ಶ್ಯಾಮಣ್ಣನವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಗೋದಾ ಅವರ ಜೊತೆ ಬಸ್ಸಿನಲ್ಲಿ ಬಂದು ಬದುವಿನ ಮೇಲೆ ನಿಂತಿದ್ದರು. ಪುಟ್ಟಸ್ವಾಮಿಯೂ ಬಂದಿದ್ದ. ಹೊರಡುವಾಗ ಮಾದಯ್ಯನ ಹತ್ತಿರ ಹೋಗಿ ಏನೋ ಹೇಳಲು ನೋಡಿದ. ಮಾದಯ್ಯ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಉಂಡ್ಕಂಡ್ ಓಗು," ಎಂದ.